ಮುಚ್ಚಿಟ್ಟ ಕೆಂಡ

ದೆವ್ವಭೂತದ ಮಾತೆತ್ತಿದವರನ್ನು ಗೇಲಿ ಮಾಡುವುದರಲ್ಲಿ ನಾನು ಎತ್ತಿದ ಕೈ. ಈಗಲೂ ದೆವ್ವವನ್ನು ನಂಬುವುದಿಲ್ಲ, ಆದರೆ ಗೇಲಿ ಬಿಟ್ಟಿದ್ದೇನೆ. ಏಕೆಂದು ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಮದರಾಸು ಸರ್ಕಾರದ ಕಾಲ. ಹಿಂದಿನ ಜನ ಎಲ್ಲೆಲ್ಲಿ ಬದುಕಿದ್ದರೆಂದು ಹುಡುಕುವ ಒಬ್ಬ ಸಾಹೇಬರ ಕೈಕೆಳಗೆ ಗುಮಾಸ್ತನಾಗಿದ್ದೆ. ಹೊಸಪೇಟೆಯಲ್ಲಿ ಬಿಡಾರ, ಸಂಡೂರಿನ ದಾರಿಯ ಗುಡ್ಡದ ಮೇಲೆ ಕೆಲಸ. ಅಲ್ಲಿಯ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ನೂರಾರು ವರ್ಷಗಳ ಹಿಂದೆ ಕಬ್ಬಿಣ ಕರಗಿಸುತ್ತಿದ್ದರು. ಕಾಲಿಟ್ಟಲ್ಲೆಲ್ಲ ಅದರಿಂದ ಉಳಿದ ಕಿಟ್ಟದ ಚೂರು ಚುಚ್ಚುತ್ತಿತ್ತು. ತಿಂಗಳಿಡೀ ಅಗೆಸಿದರೂ ಒಡೆಯದ ಕುಲುಮೆ ಒಂದೂ ಸಿಕ್ಕಿರಲಿಲ್ಲ. ನಾನು ಹೇಳುವ ದಿನದ ಮರುದಿನವೇ ಸಾಹೇಬರು ಬರುವವರು. ತೋರಿಸಲು ಏನೂ ಇಲ್ಲದಿದ್ದರೆ ನನ್ನ ನೌಕರಿಗೇ ಸಂಚಕಾರ.

ಅಂದು ಮಟಮಟ ಮಧ್ಯಾಹ್ನ ಎದೆಮಟ್ಟದ ಗುಂಡಿಯೊಳಗಿಂದ ಈರಮ್ಮ ಕರೆದಳು. ಆಕೆ ದರೋಜಿಯವಳು, ಅಗೆಯುವವರಲ್ಲೆಲ್ಲ ಹಿರಿಯಳು. ಇಳಿದು ನೋಡಿದೆ. ಕಲ್ಲಿನಂತೆ ಗಟ್ಟಿಯಾದ ಮಣ್ಣಿನ ಕೆಳಗೆ ಇಡಿಯಾದ ಕುಲುಮೆ, ತಳದಲ್ಲಿ ಒತ್ತಿಟ್ಟ ಬೂದಿಯ ಗುಪ್ಪೆ. ಕೈಯಿಟ್ಟೆ. ಬೆಚ್ಚಗಿತ್ತು.

ಬಿಸಿಲಿನ ಕಾವಿರಬೇಕೆಂದು ಪಕ್ಕದ ಮಣ್ಣು ಮುಟ್ಟಿದೆ, ತಣ್ಣಗಿತ್ತು. ಈರಮ್ಮ ಬೂದಿ ಸರಿಸಿ ಮೆಲ್ಲಗೆ ಊದಿದಳು. ಒಳಗೊಂದು ಕೆಂಡ ಕೆಂಪಾಯಿತು.

"ಯಾರೋ ಮುಚ್ಚಿಟ್ಟು ಹೋಗ್ಯಾರ್ರಿ. ನಾವೂ ರಾತ್ರಿ ಹಿಂಗ ಬೂದಿ ಮುಚ್ಚತೀವಿ, ಬೆಳಿಗ್ಗೆ ಒಲಿಗೆ ಬೇಕಂತ," ಎಂದಳು. ಆಕೆಗೆ ಹೆದರಿಕೆಯೇ ಇರಲಿಲ್ಲ. "ಮತ್ತ ಮುಚ್ಚಿಬಿಡ್ರಿ. ಬರೋರಿಗೆ ಬೆಂಕಿ ಇರ್ಲಿ."

"ಬ್ಯಾಡ ಈರಮ್ಮ, ಹಂಗ ತೆರದ ಇರ್ಲಿ. ಸಾಹೇಬ್ರು ನೋಡಬೇಕು."

ಆಕೆ ನನ್ನ ಮುಖವನ್ನೊಮ್ಮೆ ನೋಡಿ ಗುಡ್ಡ ಇಳಿದಳು. ಮತ್ತೆ ಕೆಲಸಕ್ಕೆ ಬರಲಿಲ್ಲ.

ನಾನು ಸಂಜೆಯವರೆಗೂ ಕೂತಲ್ಲಿ ಕೂರಲಾರದೆ ಗುಂಡಿಯ ಸುತ್ತ ಅಲೆದೆ. ಯಾರದೋ ಕುಚೋದ್ಯವೆಂದು ಆ ಗಟ್ಟಿ ಮಣ್ಣಿನ ಅಂಚನ್ನೆಲ್ಲ ತಡಕಿದೆ. ಇಲಿ ತೂರುವಷ್ಟೂ ಸಂದಿಯಿರಲಿಲ್ಲ. ಕತ್ತಲಾದ ಮೇಲೆ ಬಿಡಾರಕ್ಕೆ ಹೋದೆನೇ ಹೊರತು ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ಸಾಹೇಬರೊಡನೆ ಬಂದಾಗ ಕೆಂಡ ಆರಿ ಬೂದಿ ತಣ್ಣಗಾಗಿತ್ತು. ಇಡಿಯಾದ ಕುಲುಮೆ ಕಂಡು ಅವರು ನನ್ನ ಬೆನ್ನು ತಟ್ಟಿದರು. ನಾನು ಕೆಂಡದ ಮಾತೆತ್ತಲಿಲ್ಲ. ವರದಿಯಲ್ಲಿ 'ಹಳೆಯ ಬೂದಿ' ಎಂದಷ್ಟೇ ಬರೆದೆ. ನೌಕರಿ ಉಳಿಯಿತು.

ಅದೇನೆಂದು ನನಗೆ ಇಂದಿಗೂ ತಿಳಿಯದು. ತಿಳಿದವರು ಹೇಳಿದ ಕಾರಣಗಳು ಒಂದೂ ಮನಸ್ಸಿಗೆ ಹಿಡಿಸಿಲ್ಲ. ಆದರೆ ಮನೆಯಲ್ಲಿ ಹೆಂಡತಿ ಒಲೆಯ ಕೆಂಡದ ಮೇಲೆ ಬೂದಿ ಎಳೆದಾಗಲೆಲ್ಲ ನಾಚಿಕೆಯಾಗುತ್ತದೆ, ಎದ್ದು ಹೊರಗೆ ಹೋಗುತ್ತೇನೆ. ಅಷ್ಟು ಕಾಲ ಆರದೆ ಕಾದಿದ್ದ ಬೆಂಕಿಯನ್ನು ನಾನು ಒಂದೇ ರಾತ್ರಿಯಲ್ಲಿ ಆರಿಸಿಬಿಟ್ಟೆ. ಅದನ್ನು ಮುಚ್ಚಿಟ್ಟವರು ಬಂದು ಕೇಳಿದರೆ ಏನು ಹೇಳಲಿ?