ಉರೀತಾ ಅತ್ತಿಗೆ?

ಆ ಮನೆಗೆ ಇರುವುದು ಒಂದೇ ಬಾಗಿಲು. ಬಾಗಿಲು ದಾಟಿದರೆ ಮೊದಲು ಸಿಗುವುದು ಇಸ್ತ್ರಿಯಕ್ಕನ ನಾದಿನಿಯ ಬ್ಯೂಟಿ ಪಾರ್ಲರು: ಹಿಂದಕ್ಕೆ ಒರಗುವ ಕುರ್ಚಿ, ಗೋಡೆಯಗಲದ ಕನ್ನಡಿ, ಕನ್ನಡಿಯ ಸುತ್ತ ಬಿಳಿ ದೀಪ. ಆಮೇಲೆ ಒಂದು ಪರದೆ. ಅಡುಗೆ, ಊಟ, ಮಲಗುವುದು, ಸಂಸಾರವೆಲ್ಲ ಪರದೆಯ ಆಚೆ. ಇಸ್ತ್ರಿಯಕ್ಕ ಕೆಲಸಕ್ಕೆ ಹೊರಟರೂ ಆ ಕನ್ನಡಿಯ ಮುಂದೆಯೇ ಹೋಗಬೇಕು, ದಣಿದು ಬಂದರೂ ಅದರ ಮುಂದೆಯೇ ಬರಬೇಕು.

ಇಸ್ತ್ರಿಯಕ್ಕ ಎಂಬ ಹೆಸರು ಅವಳಿಗೆ ಅಂಟಿದ್ದು ದರ್ಜಿ ಅಂಗಡಿಯಲ್ಲಿ. ಹೊಲಿದು ಮುಗಿದ ಕೋಟು, ಪ್ಯಾಂಟುಗಳ ಮೇಲೆ ಒದ್ದೆ ಬಟ್ಟೆ ಹಾಸಿ ಒತ್ತಿ ಗೆರೆ ಕೂರಿಸುವುದು ಅವಳ ಕೆಲಸ. ಇಸ್ತ್ರಿ ಪೆಟ್ಟಿಗೆ ಎಷ್ಟು ಕಾದಿದೆ ಎಂದು ನೋಡಲು ಬೇರೆಯವರು ನೀರು ಚಿಮುಕಿಸುತ್ತಾರೆ. ಅವಳು ಪೆಟ್ಟಿಗೆಯನ್ನೆತ್ತಿ ಕೆನ್ನೆಯ ಹತ್ತಿರ ಹಿಡಿಯುತ್ತಿದ್ದಳು. ಉಣ್ಣೆಗೆ ಇಷ್ಟು ಸಾಕು, ಹತ್ತಿಗೆ ಇನ್ನೂ ಬೇಕು ಎಂದು ಕೆನ್ನೆಯೇ ಹೇಳುತ್ತಿತ್ತು.

"ಅಕ್ಕನ ಕೆನ್ನೆ ಇರೋವರೆಗೂ ನಮ್ಮಂಗಡೀಲಿ ಬಟ್ಟೆ ಸುಡಲ್ಲ" ಎಂದು ಅಂಗಡಿಯ ಮಾಸ್ಟರು ಗಿರಾಕಿಗಳ ಮುಂದೆ ಕೊಚ್ಚಿಕೊಳ್ಳುತ್ತಿದ್ದರು.

ಆ ಕೆನ್ನೆಗಳ ಮೇಲೆ ಹರೆಯದ ಮೊಡವೆಗಳು ಬಿಟ್ಟುಹೋದ ಸಣ್ಣ ಸಣ್ಣ ಗುಳಿಗಳಿದ್ದವು. ಯಾರೂ ಅದನ್ನು ದೊಡ್ಡದು ಮಾಡಿದವರಲ್ಲ. ಯಾರಾದರೂ ಫೋಟೋ ತೆಗೆಯುವಾಗ ಅವಳೇ ಯಾರದಾದರೂ ಭುಜದ ಹಿಂದೆ ಸರಿದುಬಿಡುತ್ತಿದ್ದಳು. ಅದು ಕಣ್ಣಿಗೆ ಬಿದ್ದದ್ದು ನಾದಿನಿ ಒಬ್ಬಳಿಗೇ. ಕೋರ್ಸು ಮುಗಿಸಿ, ಅಣ್ಣನನ್ನು ಕಾಡಿ ಬೇಡಿ ಮುಂದಿನ ಕೋಣೆಯಲ್ಲಿ ಪಾರ್ಲರು ತೆರೆದಾಗ ಅವಳು ಹೊಸ ಕುರ್ಚಿಯಲ್ಲಿ ಮೊದಲು ಕೂರಿಸಿದ್ದು ಅತ್ತಿಗೆಯನ್ನೇ.

"ನಲವತ್ತು ದಾಟಿದ ಮುಖಕ್ಕೆ ಈಗ ಯಾವ ಇಸ್ತ್ರಿ ಕಣೇ?"

"ನೀವು ಊರವರ ಕೋಟಿಗೆ ಮಾಡ್ತೀರಿ, ನಾನು ನಿಮಗೆ ಮಾಡ್ತೀನಿ. ಸುಮ್ನೆ ಒರಗಿ ಅತ್ತಿಗೆ. ನಿಮ್ಮ ಮುಖ ನಯ ಆಗ್ಬಿಟ್ರೆ ನನಗೆ ಬೋರ್ಡೇ ಬೇಡ."

ಹಳೆಯ ಚರ್ಮ ಸಿಪ್ಪೆ ಏಳಿಸಿ ಹೊಸದು ಬರಿಸುವ ಔಷಧಿ ಅದು. ನಾದಿನಿ ಮೆತ್ತನೆಯ ಬ್ರಷ್ಷಿನಲ್ಲಿ ಹಚ್ಚಿದಳು. ಹಚ್ಚಿ, ಬಗ್ಗಿ ನೋಡಿ ಕೇಳಿದಳು, "ಉರೀತಾ ಅತ್ತಿಗೆ?"

ಉರಿಯುತ್ತಿತ್ತು. ಕಣ್ಣಲ್ಲಿ ನೀರು ಬರುವಷ್ಟು ಉರಿಯುತ್ತಿತ್ತು. ಆದರೆ ಇಸ್ತ್ರಿಯಕ್ಕನ ಮಣಿಕಟ್ಟಿನ ತುಂಬ ಪೆಟ್ಟಿಗೆ ತಗುಲಿದ ಕಲೆಗಳು. ಬಿಸಿಗೆ ಹೆದರುವವಳೆನ್ನಿಸಿಕೊಳ್ಳುವುದು ಅವಳಿಗೆ ಒಗ್ಗದ ಮಾತು. ಮೇಲಾಗಿ ಹುಡುಗಿಯ ಮೊದಲ ಕೆಲಸ.

"ಇದ್ಯಾವ ಉರಿ ಬಿಡೇ. ನನ್ನ ಪೆಟ್ಟಿಗೆ ಮುಂದೆ ಇದೆಲ್ಲ ಯಾವ ಲೆಕ್ಕ?"

ನಾದಿನಿ ನಂಬಿದಳು. ತೊಳೆಯುವ ಹೊತ್ತಾದರೂ, ಅತ್ತಿಗೆಗೆ ಇನ್ನಷ್ಟು ಚೆನ್ನಾಗಿ ಹಿಡಿಯಲಿ ಎಂದು ಇನ್ನೂ ಸ್ವಲ್ಪ ಬಿಟ್ಟಳು.

ಸಿಪ್ಪೆ ಉದುರಿದ ಮೇಲೆ ಕೆಲವು ದಿನ ಮುಖ ಮಿರಮಿರ ಮಿಂಚಿತು. ಇಸ್ತ್ರಿಯಕ್ಕ ಒಳಗೆ ಹೊರಗೆ ಹೋಗುವಾಗಲೆಲ್ಲ ನಾದಿನಿ ಗಿರಾಕಿಗಳ ಮುಂದೆ ಕೈಹಿಡಿದು ನಿಲ್ಲಿಸಿ, "ನಮ್ಮತ್ತಿಗೆ, ನೋಡಿ. ಬೇಕಾದ್ರೆ ಮುಟ್ಟಿ ನೋಡಿ" ಎನ್ನುತ್ತಿದ್ದಳು. ಆ ಮಿಂಚು ಎಂಥದೆಂದು ಇಸ್ತ್ರಿಯಕ್ಕನಿಗೆ ಆಗಲೇ ತಿಳಿಯಬೇಕಿತ್ತು. ಒದ್ದೆ ಬಟ್ಟೆ ಹಾಸದೆ ಕಪ್ಪು ಪ್ಯಾಂಟಿನ ಮೇಲೆ ಪೆಟ್ಟಿಗೆ ಎಳೆದರೆ ನೂಲು ಸುಟ್ಟು ಬರುವ ಮಿಂಚೂ ಅದೇ. ಬಟ್ಟೆಯಲ್ಲಿ ಕಂಡಿದ್ದರೆ ಬೈಯುತ್ತಿದ್ದವಳು ಮುಖದಲ್ಲಿ ಕಂಡು ಹಿಗ್ಗಿದಳು. ಎರಡನೆಯ ಸಲ, ಮೂರನೆಯ ಸಲ ತಾನಾಗಿಯೇ ಹೋಗಿ ಒರಗಿದಳು.

ಆಮೇಲೆ ಮಿಂಚು ಹೋಯಿತು. ಗುಳಿಗಳು ಅಲ್ಲೇ ಉಳಿದು, ಅವುಗಳ ನಡುವಿನ ಒಳ್ಳೆಯ ಚರ್ಮ ಕೂಡ ಮರ ಉಜ್ಜುವ ಉಪ್ಪುಕಾಗದದ ಹಾಗೆ ತರಿತರಿಯಾಯಿತು. ಅಲ್ಲಲ್ಲಿ ಕಂದು ಮಚ್ಚೆ ಎದ್ದವು. ಪೌಡರು ಹಚ್ಚಿದರೆ ತರಿಯೊಳಗೆ ಕೂತು ಇನ್ನಷ್ಟು ಎದ್ದು ಕಾಣುತ್ತಿತ್ತು.

"ನಾನು ಕೇಳ್ತಾನೇ ಇದ್ದೆ ಅತ್ತಿಗೆ, ನೀವೇ ಉರಿಯಲ್ಲ ಅಂದ್ರಿ" ಎಂದಳು ನಾದಿನಿ. ಸುಳ್ಳೇನಲ್ಲವಲ್ಲ.

ಮತ್ತೊಂದು ದಿನ ಅವಳು, "ಗಿರಾಕಿ ಇರೋವಾಗ ನೀವು ಸ್ವಲ್ಪ..." ಎಂದು ಅರ್ಧಕ್ಕೇ ನಿಲ್ಲಿಸಿ ಪರದೆ ಸರಿಪಡಿಸಿದಳು. ಉಳಿದರ್ಧ ಇಸ್ತ್ರಿಯಕ್ಕನಿಗೆ ಅರ್ಥವಾಯಿತು. ಅಂದಿನಿಂದ ಕೆಲಸ ಮುಗಿಸಿ ಬಂದವಳು ಎದುರಿನ ಬಸ್ ನಿಲ್ದಾಣದಲ್ಲಿ ಬಸ್ಸು ಕಾಯುವವಳಂತೆ ಕೂರತೊಡಗಿದಳು. ಕುರ್ಚಿ ಖಾಲಿಯಾದದ್ದು ಕಂಡ ಮೇಲೆ ತನ್ನ ಮನೆಗೆ ತಾನು ಹೋಗುವುದು. ಒಳಗಿದ್ದಾಗ ಗಿರಾಕಿ ಬಂದರೆ, ಹೋಗುವವರೆಗೆ ಪರದೆಯ ಹಿಂದೆ ಕೆಮ್ಮದೆ ಇರುವುದು.

ಅಂಗಡಿಯಲ್ಲಿ ಬೇರೆ ಪೇಚು. ಪೆಟ್ಟಿಗೆ ಹತ್ತಿರ ತಂದರೆ ಸಾಕು, ಅದು ತಣ್ಣಗಿದ್ದರೂ ಕೆನ್ನೆ ಉರಿ ಉರಿ ಎನ್ನುತ್ತಿತ್ತು. ಆ ಮಾತು ನಂಬಿ ಅವಳು ಶಾಖ ಇಳಿಸಿದಳು.

"ಏನಕ್ಕ, ಗೆರೆ ಕೂತೇ ಇಲ್ಲ. ಗಿರಾಕಿ ವಾಪಸ್ ತಂದಿದಾರೆ" ಎಂದು ಮಾಸ್ಟರು ಪ್ಯಾಂಟು ಮೇಜಿನ ಮೇಲೆ ಹಾಕಿದರು. ಬೈಯಲಿಲ್ಲ. ಅವಳ ಮುಖ ನೋಡಲಾರದೆ ಗುಂಡಿ ಡಬ್ಬಿ ಹುಡುಕುತ್ತ ನಿಂತರು. ಬೈದಿದ್ದರೇ ವಾಸಿಯಿತ್ತು.

ಮನೆಯಲ್ಲಿ ಹೇಳದೆ ಚರ್ಮದ ಡಾಕ್ಟರ ಹತ್ತಿರ ಹೋದಳು. "ಇನ್ನು ಏನೂ ಹಚ್ಚಬೇಡಿ, ಚರ್ಮಾನ ಅದರ ಪಾಡಿಗೆ ಬಿಡಿ. ಬಿಸಿ, ಹಬೆ ಹತ್ತಿರ ಹೋಗ್ಲೇಬೇಡಿ" ಎಂದರು ಅವರು. ಹಬೆಯಲ್ಲೇ ಅನ್ನ ಹುಟ್ಟಿಸಿಕೊಳ್ಳುವವಳು ಹೂಂ ಎಂದು ತಲೆಯಾಡಿಸಿ ಬಂದಳು. ಗಂಡನ ಹತ್ತಿರ ಮೆಲ್ಲಗೆ ಮಾತೆತ್ತಿದರೆ, "ಅವಳೇನು ಬೇಕಂತ ಮಾಡಿದ್ಲಾ? ನಾಲ್ಕು ಜನರಿಗೆ ಗೊತ್ತಾದ್ರೆ ಅವಳ ಕೆಲಸದ ಗತಿಯೇನು?" ಎಂದು ಮಗ್ಗುಲು ಬದಲಿಸಿದ.

ಹಳೆಯ ಮುಖ ಒಮ್ಮೆ ನೋಡಬೇಕೆನ್ನಿಸಿ ಅವಳು ಟ್ರಂಕಿನಲ್ಲಿದ್ದ ಫೋಟೋಗಳನ್ನೆಲ್ಲ ಮಂಚದ ಮೇಲೆ ಹರವಿದಳು. ಒಂದರಲ್ಲಿ ಕಿವಿ, ಒಂದರಲ್ಲಿ ಬೈತಲೆ, ಒಂದರಲ್ಲಿ ಯಾರದೋ ಭುಜದ ಹಿಂದೆ ಅರ್ಧ ಹಣೆ. ಆ ಗುಳಿಬಿದ್ದ ಕೆನ್ನೆ ಒಂದರಲ್ಲೂ ಇರಲಿಲ್ಲ.

ಭಾನುವಾರ ನಾದಿನಿ ಹೊಸ ಬಾಟಲಿ ತಂದಿದ್ದಳು. "ಇದು ಸರಿ ಮಾಡೋದು ಅತ್ತಿಗೆ. ಇದೊಂದು ಸಿಟ್ಟಿಂಗ್ ಆಗ್ಬಿಟ್ರೆ ಮೊದಲಿನ ಹಾಗೆ. ನನಗೋಸ್ಕರ."

ಬೇಡ ಎಂದರೆ ನೀನು ಕೆಡಿಸಿದೆ ಎಂದಂತೆ. ಹೂಂ ಎಂದರೆ ಉಳಿದಿರುವ ಇಷ್ಟು ಮುಖವೂ ಹೋದಂತೆ. ಇಸ್ತ್ರಿಯಕ್ಕ ಕುರ್ಚಿಯಲ್ಲಿ ಒರಗಿದಳು. ಬಿಳಿ ದೀಪ ಹತ್ತಿತು. ಬ್ರಷ್ಷು ಬಟ್ಟಲಿಗೆ ತಗುಲಿದ ಸದ್ದಾಯಿತು. ಸದ್ದು ಕೇಳಿದ್ದೇ, ಅವಳು ಕಣ್ಣು ಮುಚ್ಚಿಕೊಂಡು ಹೇಳಿದಳು:

"ಉರೀತಿದೆ ಕಣೇ."

"ಅಯ್ಯೋ, ಇನ್ನೂ ಹಚ್ಚೇ ಇಲ್ಲವಲ್ಲ ಅತ್ತಿಗೆ!"

"ಹಚ್ಚದೇ ಉರೀತಿದೆ. ಮೊದಲನೇ ದಿನಾನೂ ಉರಿದಿತ್ತು. ಸುಳ್ಳು ಹೇಳಿದ್ದೆ."

ನಾದಿನಿ ಬ್ರಷ್ಷು ಹಿಡಿದೇ ನಿಂತಳು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆದುಕೊಂಡಿತು. ಅವಳು ಬಟ್ಟಲಿಗೆ ಮುಚ್ಚಳ ಹಾಕಿ, ಬೇರೆ ಕಡೆ ನೋಡುತ್ತ, "ಮುಂದಿನ ವಾರ ನೋಡೋಣ ಬಿಡಿ" ಎಂದಳು. ಇಸ್ತ್ರಿಯಕ್ಕ ಎದ್ದು ಒಳಗೆ ಹೋದಳು. ಪರದೆಯನ್ನು ತಾನೇ ಎಳೆದುಕೊಂಡಳು.

ಬಂದದ್ದು ಎಳೆಯ ದನಿಯ ಹುಡುಗಿ. ಅದೇ ಸಿಪ್ಪೆ ಏಳಿಸುವ ಔಷಧಿ ಕೇಳಿದಳು. ಕುರ್ಚಿ ಕಿರುಗುಟ್ಟಿತು. ಬ್ರಷ್ಷಿನ ಸದ್ದು. ಆಮೇಲೆ ನಾದಿನಿಯ ದನಿ, "ಉರೀತಾ?"

"ಇಲ್ಲ ಇಲ್ಲ, ಪರವಾಗಿಲ್ಲ. ತಡ್ಕೋತೀನಿ."

ಇಸ್ತ್ರಿಯಕ್ಕ ಪರದೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದಳು. ಆಚೆ ಹೋಗಲೋ ಬೇಡವೋ ಎಂದು ಅಲ್ಲೇ ನಿಂತಳು. ಆ ಕಡೆ ಬ್ರಷ್ಷಿನ ಸದ್ದು ನಿಂತಿತು.

"ತಡ್ಕೋಬೇಡಮ್ಮ" ಎಂದಳು ನಾದಿನಿ. ಮರುಗಳಿಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನೀರು ಬಹಳ ಹೊತ್ತು ಸುರಿಯಿತು.

ಇಸ್ತ್ರಿಯಕ್ಕ ಮುಷ್ಟಿ ಸಡಿಲಿಸಿದಳು. ಗಿರಾಕಿ ಇನ್ನೂ ಇದ್ದಳಾದ್ದರಿಂದ, ಕೆಮ್ಮು ತಡೆದುಕೊಂಡು ಮಂಚದ ತುದಿಯಲ್ಲಿ ಕೂತಳು.