ಮೂರನೆಯ ಹೆಜ್ಜೆ

ಆ ಮನುಷ್ಯನ ಮುಖಕ್ಕಿಂತ ಕುತ್ತಿಗೆಯೇ ನನಗೆ ಹೆಚ್ಚು ನೆನಪು. ಬಿಸಿಲಿಗೆ ಕರಿಕಾಗಿ, ಬೇಸಗೆಯ ಗದ್ದೆಯ ಹಾಗೆ ಬಿರಿದ ಕುತ್ತಿಗೆ. ಅದರ ಸುತ್ತ ಸೀಟಿಯ ದಾರ ಉಜ್ಜಿ ಉಜ್ಜಿ ಬಿಳಿಚಿಕೊಂಡ ಒಂದು ಗೆರೆ. ಅವರು ಸದಾ ಬಗ್ಗಿಕೊಂಡೇ ಇರುತ್ತಿದ್ದುದರಿಂದ ನಮಗೆ ಕಾಣುತ್ತಿದ್ದುದು ಅದೇ. ನೀವು ಎದುರು ಹೋಗಿ ನಿಂತರೆ ಮೊದಲು ನಿಮ್ಮ ಪಾದ ನೋಡುವರು, ಆಮೇಲೆ ಮೊಣಕಾಲು, ಪುರುಸೊತ್ತಾದರೆ ಮುಖ. ನನ್ನ ಮುಖ ನೋಡಲು ಆ ಇಡೀ ಸೀಸನ್ನಿನಲ್ಲಿ ಅವರಿಗೆ ಪುರುಸೊತ್ತಾದದ್ದು ಕಡಿಮೆ.

ನಾವೆಲ್ಲ ಅವರನ್ನು ರೆಫ್ರಿ ಎಂದು ಕರೆಯುತ್ತಿದ್ದೆವು. ಸುಳ್ಯದ ಹತ್ತಿರದವರು. ಸೈನ್ಯದಲ್ಲಿದ್ದಾಗ ಬಾಸ್ಕೆಟ್‌ಬಾಲ್ ಕಲಿತು, ಊರಿಗೆ ಮರಳಿದ ಮೇಲೆ ಸುಬ್ರಹ್ಮಣ್ಯದ ಕಡೆಯ ಕಾಡಿನಲ್ಲಿ ಫಾರೆಸ್ಟ್ ಗಾರ್ಡ್ ಆಗಿದ್ದರು. ಮರ ಕದ್ದವನ ಹೆಜ್ಜೆ ನೋಡಿ ಅವನು ಹೊತ್ತದ್ದು ತೇಗವೋ ಬೀಟೆಯೋ ಎಂದು ಹೇಳುತ್ತಿದ್ದರಂತೆ. ಅದು ಎಷ್ಟು ನಿಜವೋ ನನಗೆ ತಿಳಿಯದು. ಆ ವಿದ್ಯೆ ನನ್ನ ಮೇಲೆ ಪ್ರಯೋಗವಾದದ್ದಂತೂ ನಿಜ.

ಅರವತ್ತರ ದಶಕದ ಆರಂಭದ ಒಂದು ವರ್ಷ ನಮ್ಮ ಕಡೆಯ ನಾಲ್ಕು ಊರಿನ ದುಡ್ಡಿದ್ದವರಿಗೆ ಒಂದು ಹುಚ್ಚು ಹಿಡಿಯಿತು. ಪುತ್ತೂರು, ಸುಳ್ಯ, ಕಡಬ, ಸುಬ್ರಹ್ಮಣ್ಯ, ಹೀಗೆ ಊರಿಗೊಂದು ಬಾಸ್ಕೆಟ್‌ಬಾಲ್ ತಂಡ. ಆಡಿದವರಿಗೆ ಸಂಬಳ. ಮಳೆ ಬಿಟ್ಟ ಮೇಲೆ ಶುರುವಾಗಿ ಮುಂದಿನ ಮಳೆ ಹಿಡಿಯುವ ಮೊದಲು ಮುಗಿಯುವ ಲೀಗ್. ಕಬಡ್ಡಿ, ವಾಲಿಬಾಲ್ ಇರುವ ಊರಿಗೆ ಇದೆಲ್ಲಿಂದ ಬಂತೆಂದರೆ, ನಮ್ಮ ಪುತ್ತೂರಿನ ಅಡಿಕೆ ಮಂಡಿಯ ಸಾಹುಕಾರರು ಮದರಾಸಿನಲ್ಲಿ ಒಮ್ಮೆ ಈ ಆಟ ನೋಡಿ ಬಂದಿದ್ದರು. ಅವರು ತಂಡ ಕಟ್ಟಿದರು, ಅವರ ಮೇಲಿನ ಹೊಟ್ಟೆಕಿಚ್ಚಿನಿಂದ ಉಳಿದ ಮೂರು ಊರಿನವರೂ ಕಟ್ಟಿದರು. ಆಟ ಬಲ್ಲ ರೆಫ್ರಿ ಇಡೀ ಸೀಮೆಗೆ ಇವರೊಬ್ಬರೇ. ಆದ್ದರಿಂದ ಭಾನುವಾರ ಭಾನುವಾರ ಯಾವುದಾದರೊಂದು ಬಸ್ಸಿನಿಂದ ಆ ಕುತ್ತಿಗೆ ಇಳಿಯುತ್ತಿತ್ತು.

ತಂಡಕ್ಕೆ ಸೇರಿಸಿಕೊಂಡಾಗಲೇ ಸಾಹುಕಾರರು ನನಗೆ ಹೇಳಿದ್ದರು: "ಲೀಗಿನ ಕಪ್ಪು ಪುತ್ತೂರಿಗೆ ಬರ್ಲಿ, ಮಂಡಿಯಲ್ಲಿ ನಿನ್ಗೆ ಕಾಯಂ ಕೆಲಸ. ಬರದಿದ್ರೆ ಮಳೆಗಾಲಕ್ಕೆ ನಿನ್ನ ದಾರಿ ನಿನ್ಗೆ." ನನಗೆ ಆಗ ಇಪ್ಪತ್ತು. ಎಸ್ಸೆಸ್ಸೆಲ್ಸಿ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದವನು. ಅಮ್ಮ, ಇಬ್ಬರು ತಂಗಿಯರು, ನಾನು ಮಾವನ ಮನೆಯಲ್ಲಿದ್ದೆವು. ಅತ್ತೆ ನಮ್ಮ ತಟ್ಟೆಗೆ ಗಂಜಿ ಬಡಿಸುವಾಗ ಸೌಟಿನ ಸದ್ದೇ ಬೇರೆ ಇರುತ್ತಿತ್ತು. ಆ ಸದ್ದಿನಿಂದ ಅಮ್ಮನನ್ನು ಹೊರಗೆ ಕರೆದುಕೊಂಡು ಹೋಗಲು ನನಗಿದ್ದ ದಾರಿ ಆ ಕಪ್ಪು ಒಂದೇ.

ದಾರಿಯ ನಡುವೆ ನಿಂತವರು ರೆಫ್ರಿ.

ಈ ಆಟದಲ್ಲಿ ಒಂದು ನಿಯಮ ಉಂಟು. ಚೆಂಡು ಕೈಗೆ ಬಂದ ಮೇಲೆ ಅದನ್ನು ನೆಲಕ್ಕೆ ಕುಟ್ಟದೆ ಎರಡು ಹೆಜ್ಜೆ ಇಡಬಹುದು. ಮೂರನೆಯದು ತಪ್ಪು, ಚೆಂಡು ಎದುರಾಳಿಗೆ. ನಾನು ಓಡುವುದರಲ್ಲಿ ಗಟ್ಟಿಗ. ಆ ಓಟದ ಭರದಲ್ಲಿ ಮೂರನೆಯದೊಂದು ಹೆಜ್ಜೆ ಇಟ್ಟರೂ ಕಣ್ಣಿಗೆ ಸಿಗುತ್ತಿರಲಿಲ್ಲ. ಬೇರೆ ಯಾರ ಕಣ್ಣಿಗೂ ಸಿಗದ್ದು ಅವರ ಕಣ್ಣಿಗೂ ಸಿಗುತ್ತಿರಲಿಲ್ಲವೋ ಏನೋ, ಅದಕ್ಕೇ ಅವರೊಂದು ಉಪಾಯ ಮಾಡಿದ್ದರು. ನಮ್ಮ ಕೋರ್ಟುಗಳೆಂದರೆ ಅಡಿಕೆ ಒಣಗಿಸುವ ಅಂಗಳಗಳು. ಮಣ್ಣು ಬಡಿದು ಗಟ್ಟಿ ಮಾಡಿ, ಸಗಣಿಗೆ ಮಸಿ ಕಲಸಿ ಸಾರಿಸಿದ ನೆಲ. ಅರ್ಧ ಆಟ ಮುಗಿದಾಗ ಎರಡೂ ಕಂಬಗಳ ಬುಡದಲ್ಲಿ ನಾಲ್ಕು ಮಾರು ಜಾಗವನ್ನು ಮತ್ತೆ ತೆಳ್ಳಗೆ ಸಾರಿಸಬೇಕೆಂದು ಅವರ ಕಟ್ಟಪ್ಪಣೆ. ಅದು ಅರೆಬರೆ ಒಣಗುವ ತನಕ ನಾವು ಕಾಯಬೇಕು. ಆಮೇಲೆ ಅಲ್ಲಿ ಯಾರು ಹಾರಿದರೂ ಬರಿಗಾಲಿನ ಗುರುತು ಅಚ್ಚೊತ್ತಿದ ಹಾಗೆ ಮೂಡುತ್ತಿತ್ತು. ಜಗತ್ತಿನ ಬೇರೆ ಯಾವ ಊರಿನಲ್ಲಿಯೂ ಸಗಣಿಯಿಂದ ಬಾಸ್ಕೆಟ್‌ಬಾಲಿನ ನ್ಯಾಯ ತೀರ್ಮಾನವಾಗಿರಲಿಕ್ಕಿಲ್ಲ.

ಕಡಬದಲ್ಲಿ ಮೊದಲ ಆಟದಲ್ಲೇ ನನಗೆ ಆರು ಸಲ ಸೀಟಿ. ಆರನೆಯದಕ್ಕೆ ನನ್ನ ಪಿತ್ತ ನೆತ್ತಿಗೇರಿತು.

"ನಿಮ್ಗೆ ನನ್ನೊಬ್ಬನ ಕಾಲೇ ಕಾಣುದಾ?" ಎಂದೆ.

"ಬಾ, ನಿನ್ನ ಕಾಲನ್ನೇ ಕೇಳುವ" ಎಂದು ಅವರು ಬಗ್ಗಿದರು. ಬೆರಳು ಚಾಚಿ ತೋರಿಸಿದರು. "ಇದು ಒಂದು. ಇದು ಎರಡು. ಇದು ಎಂತ ಮಾರಾಯ, ನಿನ್ನ ಅಜ್ಜನದ್ದಾ? ನೆಲ ಸುಳ್ಳು ಹೇಳುದಿಲ್ಲ. ನೀನು ಹೇಳ್ತಿ."

ಕಡಬದವರು ಬಿದ್ದು ಬಿದ್ದು ನಕ್ಕರು. ನಾವು ಬಸ್ಸು ಹತ್ತುವ ತನಕ ಅವರ ಹುಡುಗರು ಹಿಂದಿನಿಂದ "ಒಂದು, ಎರಡು, ಅಜ್ಜಂದು" ಎಂದು ಕೂಗಿದರು. ಆ ಹೆಸರು ಸೀಸನ್ ಮುಗಿಯುವವರೆಗೂ ನನ್ನನ್ನು ಬಿಡಲಿಲ್ಲ. ಸುಳ್ಯದವರು ನನ್ನನ್ನು ನೇರವಾಗಿ 'ಅಜ್ಜ' ಎಂದೇ ಕರೆಯತೊಡಗಿದರು.

ರೆಫ್ರಿಯನ್ನು ದ್ವೇಷಿಸಲು ನನಗೆ ಕಾರಣಗಳ ಬರವಿರಲಿಲ್ಲ. ಯಾವ ಊರಿನಲ್ಲಿಯೂ ಒಂದು ಲೋಟ ನೀರು ಮುಟ್ಟುವವರಲ್ಲ. ಮನೆಯಿಂದ ಬಾಟ್ಲಿಯಲ್ಲಿ ಗಂಜಿಯ ತಿಳಿ ತಂದು ಕಂಬದ ಮರೆಯಲ್ಲಿ ನಿಂತು ಕುಡಿಯುವರು. ಸಾಹುಕಾರರು ಒಮ್ಮೆ ನನ್ನ ಕೈಯಲ್ಲೇ ಶರಬತ್ತು ಕಳಿಸಿದರು. "ಆಟ ಮುಗಿದ ಮೇಲಾದ್ರೂ ಕುಡೀರಿ ಅಂತ ಹೇಳಿದ್ದಾರೆ" ಎಂದೆ. "ಮುಗಿದ ಮೇಲೂ ಬೇಡ. ಮುಂದಿನ ಭಾನುವಾರ ಉಂಟಲ್ಲ" ಎಂದರು. ಸಾಹುಕಾರರಿಗೆ ಹೋಗಿ ಹೇಳಿದೆ, ಸ್ವಲ್ಪ ಉಪ್ಪು ಖಾರ ಹಚ್ಚಿಯೇ ಹೇಳಿದೆ. ಇಷ್ಟು ಮಡಿ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಸುಬ್ರಹ್ಮಣ್ಯದ ಆಟ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ರೆಫ್ರಿ ತಾವಾಗಿಯೇ ಹತ್ತಿರ ಬಂದರು. ನನ್ನ ಪಾದ ನೋಡಿದರು, ಮುಖವನ್ನೂ ನೋಡಿದರು.

"ನಿನ್ಗೆ ಮೂರನೆದು ಬೇಡವೇ ಬೇಡ. ಎರಡರಲ್ಲೇ ಹಾರ್ಲಿಕ್ಕಾಗ್ತದೆ. ಆ ಶಕ್ತಿ ಉಂಟು ನಿನ್ಗೆ. ತಪ್ಪಿ ಹೋದ್ರೆ ಅಂತ ಹೆದರಿ ಇನ್ನೊಂದು ಇಡುದು ನೀನು."

"ನಿಮ್ಮ ಕೆಲಸ ಸೀಟಿ ಊದುದು" ಎಂದೆ. ಅವರು ಹೇಳಿದ್ದು ಸರಿಯೇ ಇತ್ತು, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು. ಅವರು ತಲೆಯಾಡಿಸಿ ಮತ್ತೆ ನೆಲ ನೋಡುತ್ತಾ ಹೋದರು.

ಫೈನಲ್ ಬಂದದ್ದು ಪುತ್ತೂರಿಗೂ ಸುಳ್ಯಕ್ಕೂ, ನಮ್ಮ ಮಂಡಿಯ ಹಿಂದಿನ ಅಂಗಳದಲ್ಲಿ. ಮಾಡಿನ ಮೇಲೆ, ಮರದ ಮೇಲೆ, ನಿಲ್ಲಿಸಿದ ಲಾರಿಯ ಮೇಲೆ ಜನ. ಸಾಹುಕಾರರು ಕುರ್ಚಿಯಲ್ಲಿ, ಪಕ್ಕದ ಮೇಜಿನ ಮೇಲೆ ಕಪ್ಪು. ಕೊನೆಯ ನಿಮಿಷದಲ್ಲಿ ನಾವು ಒಂದೇ ಪಾಯಿಂಟು ಹಿಂದೆ. ಚೆಂಡು ನನ್ನ ಕೈಗೆ ಬಂತು. ನನ್ನನ್ನು ತಡೆಯಲು ನಿಂತವನು ಸುಳ್ಯದ ಒಬ್ಬ ಉದ್ದದ ಹುಡುಗ. ಅವನನ್ನು ದಾಟಿ ಹೆಜ್ಜೆ ಹಾಕಿದೆ. ಒಂದು, ಎರಡು. ಅಲ್ಲಿಯೇ ಹಾರಬಹುದಿತ್ತು. ಹೆದರಿದೆ, ಇನ್ನೊಂದು ಇಟ್ಟೆ. ಹಾರಿದೆ. ಚೆಂಡು ಬಳೆಯೊಳಗೆ ಬಿತ್ತು. ಜನರ ಬೊಬ್ಬೆಯ ನಡುವೆ ಸೀಟಿ ಕೇಳಿಸಿತು.

"ಬಾಸ್ಕೆಟ್ ಇಲ್ಲ. ಮೂರು ಹೆಜ್ಜೆ" ಎಂದರು ರೆಫ್ರಿ.

ಜನ ಅಂಗಳಕ್ಕೆ ನುಗ್ಗಿದರು. ಅವರು ಕೈಯೆತ್ತಿ ಆಟಗಾರರನ್ನುಳಿದು ಎಲ್ಲರನ್ನೂ ಸಾರಿಸಿದ ಜಾಗದ ಆಚೆ ನಿಲ್ಲಿಸಿ, ತಮ್ಮ ಯಾವತ್ತಿನ ಹಾಗೆ ಬಗ್ಗಿದರು. ಆ ಅರೆಗಳಿಗೆಯಲ್ಲಿ ನಾನು ಅವರಿಗಿಂತ ಮೊದಲು ನನ್ನ ಮೂರನೆಯ ಹೆಜ್ಜೆಯನ್ನು ಕಂಡೆ. ಬೆರಳು ಐದೂ ಸ್ಪಷ್ಟ. ಒಂದು ಹೆಜ್ಜೆ ಹಿಂದೆ ಸರಿದು ಅದರ ಮೇಲೆ ಎಡಗಾಲು ಇಟ್ಟು ನಿಂತೆ. ಭಾರವೆಲ್ಲ ಅದರ ಮೇಲೆಯೇ ಹಾಕಿ, ಮೆಲ್ಲಗೆ ತಿರುಚಿದೆ.

"ಒಂದು" ಎಂದರು. "ಎರಡು." ಬೆರಳು ಮುಂದೆ ಹೋಯಿತು, ತಡೆಯಿತು, ಒಂದು ಗೇಣು ಆಚೆ ಇದ್ದ ಇನ್ನೊಂದು ಎಡಪಾದದ ಗುರುತಿನ ಮೇಲೆ ನಿಂತಿತು. "ಮೂರು."

ನಾನು ಬಾಯಿ ತೆರೆಯುವ ಮೊದಲೇ ಆ ಉದ್ದದ ಹುಡುಗ ಮುಂದೆ ಬಂದ. "ಅದು ನನ್ನ ಕಾಲು ರೆಫ್ರಿ" ಎಂದು ತನ್ನ ಪಾದ ಅದರಲ್ಲಿಟ್ಟು ತೋರಿಸಿದ. ಸರಿಯಾಗಿ ಕೂತಿತು. ಸುಳ್ಯದವನೇ ಸಾಕ್ಷಿ ಹೇಳಿದ ಮೇಲೆ ಇನ್ನೇನು ಬೇಕು? "ಸುಳ್ಯದ ರೆಫ್ರಿ, ಸುಳ್ಯಕ್ಕೆ ಕಪ್ಪು ಕೊಡ್ಲಿಕ್ಕೆ ಬಂದದ್ದು!" ಎಂದು ಯಾರೋ ಕೂಗಿದರು. ನಾನೂ ಕೂಗಿದೆ, ಎಲ್ಲರಿಗಿಂತ ಜೋರಾಗಿ. ಕಾಲು ಮಾತ್ರ ಎತ್ತಲಿಲ್ಲ.

ಅವರು ಆ ಗುರುತನ್ನು ಇನ್ನೊಮ್ಮೆ ನೋಡಿದರು. ನೆಟ್ಟಗೆ ನಿಂತು, "ನನ್ನದು ತಪ್ಪು. ಬಾಸ್ಕೆಟ್ ಉಂಟು" ಎಂದು ಎರಡು ಬೆರಳು ಎತ್ತಿದರು. ಜನರಿಗೆ ಅಷ್ಟು ಸಾಕಾಗಲಿಲ್ಲ. ಸಾರಿಸಿ ಮಿಕ್ಕಿದ್ದ ಸಗಣಿ ನೀರಿನ ಬಾಲ್ದಿಯನ್ನು ಯಾರೋ ಅವರ ತಲೆಯ ಮೇಲೆ ಸುರಿದರು, ಇನ್ನೊಬ್ಬ ಸೀಟಿಯ ದಾರ ಹಿಡಿದು ಎಳೆದ. ಸಾಹುಕಾರರು ಕುರ್ಚಿಯಿಂದ ಏಳಲಿಲ್ಲ. ಹಸಿರಾದ ಬಿಳಿ ಅಂಗಿಯಲ್ಲಿ ರೆಫ್ರಿ ಬಸ್‌ಸ್ಟ್ಯಾಂಡಿನ ಕಡೆ ನಡೆದು ಹೋದರು. ನಮ್ಮೂರಿನವರು ನನ್ನನ್ನು ಹೆಗಲ ಮೇಲೆ ಹೊತ್ತಿದ್ದರು. ಅಲ್ಲಿಂದ ನನಗೆ ಅವರು ಹೋಗುವುದು ಬಹಳ ದೂರದವರೆಗೂ ಕಾಣಿಸುತ್ತಿತ್ತು.

ಲೀಗ್ ಮರುವರ್ಷ ನಡೆಯಲಿಲ್ಲ. ಸುಳ್ಯದವರು ಕಡಬದವರೊಡನೆ, ಕಡಬದವರು ನಮ್ಮೊಡನೆ ಜಗಳವಾಡಿಕೊಂಡರು. ಸೀಟಿ ಊದಲು ಬನ್ನಿ ಎಂದು ಕರೆಯಲು ಹೋದವರಿಗೆ ರೆಫ್ರಿ, "ನನ್ನ ಕಣ್ಣನ್ನು ಇನ್ನು ಜನ ನಂಬುದಿಲ್ಲ" ಎಂದರಂತೆ. ನನಗೆ ಮಂಡಿಯಲ್ಲಿ ಕೆಲಸವಾಯಿತು. ಎರಡು ಕೋಣೆಯ ಮನೆ ಹಿಡಿದೆವು. ಅಮ್ಮ ತನ್ನದೇ ಸೌಟಿನಲ್ಲಿ ಬಡಿಸಿಕೊಂಡು ಉಂಡಳು. ತಂಗಿಯರ ಮದುವೆಯಾಯಿತು. ಇದಕ್ಕೆಲ್ಲ ನಾನು ನಾಚಬೇಕೆಂದು ಹೇಳುವವರು ಅತ್ತೆಯ ಮನೆಯ ಗಂಜಿ ಉಂಡು ನೋಡಬೇಕು.

ನಾಲ್ಕೈದು ವರ್ಷದ ಮೇಲೆ ಮಂಡಿಯ ಕೆಲಸಕ್ಕೆಂದು ಸುಳ್ಯದ ಹತ್ತಿರದ ಜಾಲ್ಸೂರಿಗೆ ಹೋಗಿದ್ದೆ. ಕಾಸರಗೋಡಿನ ಬಸ್ಸಿಗೆ ಕಾಯುತ್ತಿದ್ದವರ ನಡುವೆ ಯಾರೋ ನನ್ನ ಚಪ್ಪಲಿ ನೋಡುತ್ತಿರುವುದು ಗೊತ್ತಾಯಿತು.

"ಈಗ ಚಪ್ಪಲಿ ಹಾಕ್ತಿಯಾ" ಎಂದರು ರೆಫ್ರಿ. ತೆಳ್ಳಗಾಗಿದ್ದರು, ಕೆಮ್ಮು ಇತ್ತು. "ಅವತ್ತು ನಿನ್ನ ಕಾಲು ತೆಗಿ ಅಂತ ನಾನು ಹೇಳ್ಬೇಕಿತ್ತು. ಅದು ನನ್ನ ತಪ್ಪು" ಎಂದರು.

"ಎಂತ ಕಾಲು?" ಎಂದೆ.

"ಬಸ್ಸಲ್ಲಿ ಕೂತ ಮೇಲೆ ಹೊಳೆಯಿತು. ನೀನು ಒಂದೇ ಕಾಲಿಗೆ ಭಾರ ಹಾಕಿ ನಿಂತಿದ್ದಿ. ಓಡಿ ದಣಿದವ ಹಾಗೆ ನಿಲ್ಲುದಿಲ್ಲ."

"ಮತ್ತೆ ಊರಿಡೀ ಹೇಳ್ಬೇಕಿತ್ತು ನೀವು! ಯಾಕೆ ಹೇಳ್ಲಿಲ್ಲ?" ನನ್ನ ದನಿ ಏರಿತ್ತು. ಜನ ತಿರುಗಿ ನೋಡಿದರು.

"ಆ ಗುರ್ತು ನಾನು ಕಣ್ಣಾರೆ ಕಾಣ್ಲಿಲ್ಲ. ಕಾಣದ್ದನ್ನು ಹೇಗೆ ಹೇಳುದು?" ಎಂದರು. ಬಸ್ಸು ಬಂತು. ಕಂಬಿ ಹಿಡಿದು ಹತ್ತುತ್ತಾ, "ಊರಿಗೆಲ್ಲ ಹೇಳುದು ಬೇಡ. ಆ ಉದ್ದದವನಿಗೆ ಒಂದು ಮಾತು ಹೇಳು. ಪಾಪದವ, ನಿಜ ಹೇಳಿ ಸೋತ. ಅವನ ಊರಿನವರೇ ಅವನಿಗೆ ಈಗಲೂ ಬೈತಾರೆ" ಎಂದರು.

"ನಿಮ್ಗೆ ಮರ್ಲು!" ಎಂದು ನಾನು ಕೂಗಿದೆ. ಹುಚ್ಚು ನಿಮಗೆ ಎಂದು. ಬಸ್ಸು ಹೋಯಿತು. ಅವರು ಬೈದಿದ್ದರೆ, ಎರಡೇಟು ಬಿಟ್ಟಿದ್ದರೆ, ನಾನು ಅವತ್ತೇ ಹಗುರಾಗುತ್ತಿದ್ದೆ. ತನಗಾಗಿ ಏನೂ ಕೇಳದೆ ಇನ್ನೊಬ್ಬನಿಗಾಗಿ ಕೇಳಿ ಹೋದರಲ್ಲ, ಅದನ್ನು ನಾನು ಅವರಿಗೆ ಇವತ್ತಿಗೂ ಕ್ಷಮಿಸಿಲ್ಲ. ಉದ್ದದವನಿಗೆ ಹೇಳಲಿಲ್ಲ. ಸುಳ್ಯದ ಕೆಲಸ ಬಿದ್ದರೆ ಬೇರೆಯವರನ್ನು ಕಳಿಸುತ್ತಿದ್ದೆ.

ಮರುವರ್ಷ ರೆಫ್ರಿ ತೀರಿಹೋದರು. ಉತ್ತರಕ್ರಿಯೆಯ ಕಾಗದ ಮಂಡಿಯ ವಿಳಾಸಕ್ಕೆ ನನ್ನ ಹೆಸರಿನಲ್ಲಿ ಬಂತು. ಮಗಳು ಅಪ್ಪನ ಹಳೆಯ ಪರಿಚಯದವರಿಗೆಲ್ಲ ಬರೆದಿದ್ದಳಂತೆ. ಹೋಗಬಾರದೆಂದಿದ್ದೆ, ಹೋದೆ. ಚಪ್ಪರದ ಕೆಳಗೆ ಮೊದಲು ಕಂಡವನೇ ಆ ಉದ್ದದವನು. ಬಂದವರಿಗೆ ಬೆಲ್ಲ ನೀರು ಕೊಡುತ್ತಿದ್ದ.

ಮಗಳು ಹತ್ತಿರ ಬಂದು ನಿಂತಳು. ಹದಿನೆಂಟು ಹತ್ತೊಂಬತ್ತು ಇರಬಹುದು. ನಾಲ್ಕು ಜನರ ಎದುರೇ ಕೇಳಿದಳು: "ಅಪ್ಪ ಪುತ್ತೂರಿನ ಆಟದ ಸುದ್ದಿಯೇ ಎತ್ತುತ್ತಿರ್ಲಿಲ್ಲ. ತಪ್ಪು ಸೀಟಿ ಊದಿದ್ದು ಅಂತ ಎಲ್ಲ ಹೇಳ್ತಾರೆ. ನೀವೇ ಆಡಿದ್ದಲ್ವಾ? ಅಪ್ಪಂದು ತಪ್ಪಾ?"

"ಅಲ್ಲ" ಎಂದೆ. "ನಾನು ಇಟ್ಟದ್ದು ಮೂರೇ ಹೆಜ್ಜೆ. ಮೂರನೆದರ ಮೇಲೆ ಕಾಲಿಟ್ಟು ನಿಂತಿದ್ದೆ. ನಿಮ್ಮ ಅಪ್ಪ ಊದಿದ್ದು ಸರಿ. ಕಪ್ಪು ಸುಳ್ಯಕ್ಕೆ ಬರ್ಬೇಕಿತ್ತು."

ಉದ್ದದವನು ಚೆಂಬು ಕೆಳಗಿಟ್ಟು ನನ್ನ ಹೆಗಲ ಮೇಲೆ ಕೈ ಹಾಕಿದ. ಅವನ ಕಣ್ಣಲ್ಲಿ ನೀರಿತ್ತು.

"ನೀವು ದೊಡ್ಡವರು ಮಾರಾಯ್ರೆ" ಎಂದ. "ಸತ್ತವರ ಮರ್ಯಾದೆಗೆ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವವರು ಈಗ ಎಲ್ಲಿದ್ದಾರೆ? ಆದ್ರೆ ಆ ಕಾಲು ನನ್ನದೇ. ನಾನೇ ಇಟ್ಟು ತೋರಿಸ್ಲಿಲ್ವಾ?"

"ಅದು ನಿಮ್ಮದೇ. ನನ್ನದು ಬೇರೆ ಇತ್ತು, ನಾನು ಹೇಳುದು ಕೇಳಿ..."

"ಬಿಡಿ, ಬಿಡಿ. ನಮ್ಗೆ ಅರ್ಥ ಆಗ್ತದೆ" ಎಂದರು ಪಕ್ಕದ ಹಿರಿಯರು. ಮಗಳು ನನಗೆ ಕೈಮುಗಿದಳು. "ನೀವು ಹೀಗೆ ಹೇಳಿದ್ದೇ ಸಾಕು" ಎಂದಳು. ಅವಳೂ ನಂಬಿರಲಿಲ್ಲ.

ಎಲೆ ಹಾಕಿದರು. ಉದ್ದದವನು ನನ್ನ ಕೈ ಹಿಡಿದು ಕರೆದುಕೊಂಡು ಹೋಗಿ ಪಂಕ್ತಿಯ ಮೊದಲ ಎಲೆಗೆ ಕೂರಿಸಿದ. ಬಡಿಸಲು ಬಂದವರಿಗೆಲ್ಲ, "ಇವರಿಗೆ ಸರಿ ನೋಡಿ ಬಡಿಸಿ" ಎಂದು ಹೇಳುತ್ತಿದ್ದ. ನಾನು ತಲೆ ತಗ್ಗಿಸಿ ಉಂಡೆ.