ಕಪ್ಪೆಯ ಮೇಲೆ ಹೊಟ್ಟೆಕಿಚ್ಚು

ಮೊನ್ನೆ ಭಾನುವಾರ ಬೆಳಿಗ್ಗೆ ಚೆಂಬೂರಿನಿಂದ ವಡಾಲದ ಕಡೆಗೆ ಹೋಗುವ ಲೋಕಲ್‌ನಲ್ಲಿ ನನ್ನ ಪಕ್ಕ ಕೂತಿದ್ದ ಹಿರಿಯರೊಬ್ಬರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು, ಅದರೊಳಗಿನ ಜೇಷ್ಠಮಧುವಿನ ಕಡ್ಡಿಯೊಂದನ್ನು ದವಡೆಗೆ ಇಟ್ಟುಕೊಂಡರು. ಪೂರ್ತಿ ಸಿಹಿಯೂ ಅಲ್ಲದ, ಪೂರ್ತಿ ಔಷಧವೂ ಅಲ್ಲದ, ಮರದ ಪೆಟ್ಟಿಗೆಯಲ್ಲಿ ಬೆಲ್ಲ ಇಟ್ಟು ಮರೆತಂಥ ವಾಸನೆ ಅದು. ಅಷ್ಟು ದೊಡ್ಡ ಬೋಗಿಯಲ್ಲಿ ನೇರ ನನ್ನ ಮೂಗನ್ನೇ ಹುಡುಕಿಕೊಂಡು ಬಂತು. ಗಂಟಲು ಸರಿಯಿಲ್ಲವೆಂದು ಅವರು ವಿವರಣೆ ಕೊಟ್ಟರು. ನಾನು ತಲೆಯಾಡಿಸಿದೆ. ನನಗೆ ಗೊತ್ತಿದ್ದ ಒಬ್ಬ ಗಂಟಲು ಸರಿಯಿದ್ದಾಗಲೂ ಇದನ್ನು ಅಗಿಯುತ್ತಿದ್ದ. ಅವನು ಕಪ್ಪೆಯಾಗಿದ್ದ.

ಈ ಕೊನೆಯ ವಾಕ್ಯವನ್ನು ಸ್ವಲ್ಪ ಬಿಡಿಸಿ ಹೇಳಬೇಕಾದೀತು.

ನಾವು ಚಿಕ್ಕವರಿದ್ದಾಗ ವಡಾಲದ ನಮ್ಮ ಚಾಳಿನ ಎರಡನೇ ಮಾಳಿಗೆಯಲ್ಲಿ ಮಕ್ಕಳಿಗಾಗಿ ಕತೆ ಬರೆಯುವವರೊಬ್ಬರಿದ್ದರು. ಹಗಲು ಬಂದರಿನ ಕಚೇರಿಯಲ್ಲಿ ಗುಮಾಸ್ತಿಕೆ. ಸಂಜೆ ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲಿ ಚಾಪೆ ಹಾಸಿ ನಮಗೆ ಕತೆ. ತಲೆ ಬೇಗ ನರೆತಿದ್ದರಿಂದ ನಮಗೆಲ್ಲ ಅಜ್ಜ. ಹೇಳಿದ ಕತೆ ನಮಗೆ ಹಿಡಿಸಿದರೆ ಮಾತ್ರ ಅದನ್ನು ಬರೆಯುತ್ತಿದ್ದರು. ಬರೆದದ್ದು ಪುಸ್ತಕವಾಗಿ, ಊರ ಕಡೆಯ ಶಾಲೆಗಳವರೆಗೂ ಹೋಗಿ, ಅಲ್ಲಿನ ಮಕ್ಕಳ ಕೈಯಲ್ಲಿ ಹರಿದು ಚಿಂದಿಯಾಗುತ್ತಿತ್ತು. ಮಕ್ಕಳ ಸಾಹಿತಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ ಎಂದು ಅಜ್ಜ ಹೇಳುತ್ತಿದ್ದರು. ಬೇರೆ ಪ್ರಶಸ್ತಿ ಬರಲೂ ಇಲ್ಲವೆನ್ನಿ.

ಅವರ ಕತೆಗಳಲ್ಲಿ ಮನುಷ್ಯರು ಕಡಿಮೆ, ಪ್ರಾಣಿಗಳು ಹೆಚ್ಚು. ಆ ಪ್ರಾಣಿಗಳೆಲ್ಲ ನಮ್ಮ ಚಾಳಿನ ಮಕ್ಕಳೇ. ಬಾಯಿ ಮುಚ್ಚದ ಹುಡುಗಿಯೊಬ್ಬಳು ಕಾಗೆಯಾದಳು. ಎಲ್ಲರ ಮನೆಯ ತಿಂಡಿಗೂ ಹಾಜರಾಗುತ್ತಿದ್ದವನು ಇಲಿಯಾದ. ನಾನು ಏನೂ ಆಗಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಚಾಪೆಯ ಮುಂದಿನ ತುದಿಯಲ್ಲಿ ಕೈಕಟ್ಟಿ ಕೂರುತ್ತಿದ್ದವನು ನಾನು. ನಿನ್ನೆ ಕೆಂಪಗಿದ್ದ ನರಿ ಇವತ್ತು ಕಂದುಬಣ್ಣಕ್ಕೆ ತಿರುಗಿದರೆ ಅಲ್ಲೇ ತಡೆದು ತಿದ್ದುತ್ತಿದ್ದವನೂ ನಾನೇ. ‘ನೀನಿದ್ದರೆ ನನಗೆ ಪುಸ್ತಕವೇ ಬೇಡ ನೋಡು’ ಎಂದು ಅಜ್ಜ ಬೆನ್ನು ತಟ್ಟುತ್ತಿದ್ದರು. ತಿದ್ದುವವರ ಮೇಲೆ ಯಾರೂ ಕತೆ ಕಟ್ಟುವುದಿಲ್ಲ ಎಂಬ ಸಾಹಿತ್ಯಸತ್ಯ ಆಗ ನನಗೆ ತಿಳಿದಿರಲಿಲ್ಲ.

ಮುಂದೆ ಕಪ್ಪೆಯಾಗಲಿದ್ದ ಅವನಾದರೋ ಕತೆ ಅರ್ಧವಾಗುವುದರೊಳಗೆ ಗೋಡೆಗೊರಗಿ ನಿದ್ದೆ ಹೋಗುತ್ತಿದ್ದ. ವಿಜಯಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದಿದ್ದವರ ಮಗ, ಹುಟ್ಟಿನಿಂದಲೇ ಒಡೆದ ದನಿ. ಒಂದು ಸಂಜೆ ಚಾಳಿನ ಪಕ್ಕದ ಸ್ಟೇಷನ್ನಿಗೆ ಲೋಕಲ್ ಬಂದ ಸದ್ದಿಗೆ ಬೆಚ್ಚಿ ಎದ್ದವನು, ಏನೂ ತೋಚದೆ ಗಂಟಲಿನಿಂದ ‘ವಟರ್ರ್’ ಎಂದೊಂದು ಸದ್ದು ಹೊರಡಿಸಿದ. ಅದೇ ಗಳಿಗೆಗೆ ಗಾಡಿ ಕಿರ್ರೆಂದು ನಿಂತಿತು. ಅಜ್ಜ ಕತೆ ನಿಲ್ಲಿಸಿ ಅವನನ್ನೇ ನೋಡಿದರು. ನಾನು ಅಜ್ಜನನ್ನು ನೋಡಿದೆ. ಆ ನೋಟ ನನಗೆ ಇನ್ನೂ ನೆನಪಿದೆ... ನನ್ನ ಮೇಲೆ ಒಮ್ಮೆಯೂ ಬೀಳದ ನೋಟ.

ವಾರದೊಳಗೆ ಕತೆ ಸಿದ್ಧವಾಯಿತು. ಹಳಿಗಳ ನಡುವಿನ ನೀರುಗುಂಡಿಯಲ್ಲಿ ಒಂದು ಕಪ್ಪೆ. ತಾನು ಕೂಗುವುದರಿಂದಲೇ ಲೋಕಲ್ ನಿಲ್ಲುತ್ತದೆಂದು ಅದರ ನಂಬಿಕೆ. ಒಂದು ದಿನ ಗಂಟಲು ಕಟ್ಟಿ ಕೂಗಲಾಗಲಿಲ್ಲ. ಆದರೂ ಗಾಡಿ ನಿಂತಿತು. ಕಪ್ಪೆ ಮುಖ ತಿರುಗಿಸಿ ಕೂತಿತು. ಆಗ ಸ್ಟೇಷನ್ ಮಾಸ್ತರರು ಹಳಿಗಿಳಿದು ಬಂದು, ‘ಇವತ್ತು ನಿನ್ನ ಬದಲು ನಾನು ಬಾವುಟ ತೋರಿಸಿದೆ. ನಾಳೆಯಿಂದ ನೀನೇ ನೋಡಿಕೋ. ನನ್ನ ಕೈ ನೋಯುತ್ತಿದೆ’ ಎಂದರು. ಅಷ್ಟೇ ಕತೆ. ಅಜ್ಜನ ಪುಸ್ತಕಗಳಲ್ಲಿ ಅತಿ ಹೆಚ್ಚು ಹರಿದದ್ದು ಅದೇ.

ಅಜ್ಜ ಹೋದರು. ಚಾಳೂ ಬಿತ್ತು. ಅವರ ಚಾಪೆಯ ಮೇಲೆ ಬೆಳೆದ ನಾವು ಕೆಲವರು ಸೇರಿ ಒಂದು ಬಳಗ ಕಟ್ಟಿಕೊಂಡೆವು. ಹಳೆಯ ಪುಸ್ತಕಗಳನ್ನು ಹುಡುಕಿ ಮತ್ತೆ ಅಚ್ಚು ಹಾಕಿಸುವುದು, ಅವರ ಕುರ್ಚಿ ಕನ್ನಡಕಗಳನ್ನು ಕಾಪಾಡುವುದು, ವರ್ಷಕ್ಕೊಮ್ಮೆ ವಡಾಲದಲ್ಲೇ ಹಾಲ್ ಹಿಡಿದು ಮಕ್ಕಳಿಗೆ ಕತೆಯ ದಿನ ನಡೆಸುವುದು. ನಾನು ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಅಜ್ಜನ ಕನ್ನಡಕಕ್ಕೆ ಬೂಸ್ಟು ಹಿಡಿಯದಂತೆ ಒರೆಸುವವನು, ಮೈಕಿಗೆ ಹಲೋ ಹಲೋ ಅನ್ನುವವನು, ಕೊನೆಯಲ್ಲಿ ಎದ್ದುಹೋಗುತ್ತಿರುವ ಬೆನ್ನುಗಳಿಗೆ ವಂದನಾರ್ಪಣೆ ಸಲ್ಲಿಸುವವನು. ಕಾಗೆ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಳಾಗಿ ಪವಾಯಿಯಲ್ಲಿದ್ದಳು. ಬಳಗಕ್ಕೆ ಅವಳೇ ಅಧ್ಯಕ್ಷೆ. ಕಪ್ಪೆ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಸ್ಪ್ರಿಂಗ್ ತಯಾರಿಸುವ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದ. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಕೆಲವರ ಬದುಕಿಗೆ ಪ್ರಾಸವೂ ಪುಕ್ಕಟೆಯಾಗಿ ಸಿಗುತ್ತದೆ.

ಬಳಗದಲ್ಲಿ ಅವನ ಹೊಣೆ ಇಷ್ಟೇ: ತಡವಾಗಿ ಬರುವುದು, ವಟಗುಟ್ಟುವುದು, ಊಟ ಮಾಡಿ ಹೋಗುವುದು. ಜೇಷ್ಠಮಧು ಅಗಿಯುತ್ತಾ ವೇದಿಕೆಯ ಪಕ್ಕ ಕೂತಿದ್ದು, ಸರದಿ ಬಂದಾಗ ಕಡ್ಡಿಯನ್ನು ಕಿವಿಯ ಸಂದಿಗೆ ಸಿಕ್ಕಿಸಿ ಎದ್ದು ನಿಲ್ಲುತ್ತಿದ್ದ. ಕೆನ್ನೆ ಉಬ್ಬುತ್ತಿತ್ತು, ಕಣ್ಣು ಹೊರಗೆ ಬರುತ್ತಿತ್ತು, ಇಡೀ ಹಾಲ್ ಉಸಿರು ಹಿಡಿಯುತ್ತಿತ್ತು... ಆಮೇಲೆ ಆ ‘ವಟರ್ರ್’. ನಾನು ಅಚ್ಚುಕಟ್ಟಾದ ಕನ್ನಡದಲ್ಲಿ ಅಜ್ಜನ ಬದುಕು ಬರಹ ಹೇಳುವಾಗ ಅಮ್ಮಂದಿರ ಫೋನಿನಲ್ಲಿ ಮುಳುಗಿರುತ್ತಿದ್ದ ಮಕ್ಕಳು, ಕನ್ನಡ ಅರ್ಧಂಬರ್ಧ ಬರುವ ಮಕ್ಕಳು, ಕುರ್ಚಿ ಹತ್ತಿ ಕಿರಿಚುತ್ತಿದ್ದರು. ಕಪ್ಪೆಯ ಭಾಷೆಗೆ ಅನುವಾದ ಬೇಕಿರಲಿಲ್ಲ. ಪತ್ರಿಕೆಯವರು ಅವನ ಫೋಟೋ ತೆಗೆಯುತ್ತಿದ್ದರು. ಅಂಚಿನಲ್ಲಿ ಮೈಕಿನ ವೈರು ಹಿಡಿದ ಒಂದು ಕೈ ಕಾಣುತ್ತಿತ್ತು. ಆ ಕೈ ನನ್ನದು.

ಅವನು ಕತೆಯನ್ನು ಪ್ರತಿ ವರ್ಷ ತಪ್ಪು ಹೇಳುತ್ತಿದ್ದ. ಒಮ್ಮೆ ಕಪ್ಪೆಗೆ ಮದುವೆ ಮಾಡಿಸಿದ. ಇನ್ನೊಮ್ಮೆ ಲೋಕಲ್ ಇದ್ದಲ್ಲಿ ಮೆಟ್ರೋ ಓಡಿಸಿದ. ಕಪ್ಪೆಯ ಕೈಗೆ ಮೊಬೈಲ್ ಕೊಟ್ಟ ವರ್ಷ ನಾನು ಬಳಗದ ಸಭೆಯಲ್ಲಿ ಎದ್ದು ನಿಂತೆ.

‘ಮೊಬೈಲ್ ಮೂಲದಲ್ಲಿ ಇಲ್ಲ,’ ಎಂದೆ.

‘ಮೂಲವೇ ಎದುರಿಗೆ ಕೂತಿದೆಯಲ್ಲ ಮಾರಾಯಾ, ಅದನ್ನೇ ಕೇಳು,’ ಎಂದಳು ಕಾಗೆ.

ಮೂಲ ಹಲ್ಲು ಕಿರಿಯಿತು. ‘ಆವಾಗ ಸಣ್ಣ ಕಪ್ಪಿ ಇದ್ನಿ ಸೆಕ್ರೆಟರಿ ಸಾಹೇಬ್ರ. ಈಗ ದೊಡ್ಡಾಂವ ಆಗೀನಿ. ಒಂದ್ ಮೊಬೈಲ್ ಬ್ಯಾಡೇನು?’

‘ಪಾತ್ರಗಳು ಮೂಲಪಠ್ಯಕ್ಕೆ ಬದ್ಧವಾಗಿರತಕ್ಕದ್ದು’ ಎಂಬ ನನ್ನ ಠರಾವು ಅನುಮೋದಕರಿಲ್ಲದೆ ಬಿತ್ತು. ಮರುವರ್ಷ ಅವನ ಸರದಿಯನ್ನು ಊಟದ ನಂತರಕ್ಕೆ ಹಾಕಿದೆ, ಮಕ್ಕಳೆಲ್ಲ ಆ ಹೊತ್ತಿಗೆ ಮನೆಗೆ ಹೊರಟಿರುತ್ತಾರೆಂದು. ಮಕ್ಕಳು ಕೂತರು. ಅಪ್ಪಂದಿರೂ ಕೂತರು. ಕಾರ್ಯಕ್ರಮ ಇಷ್ಟು ಹೊತ್ತು ತುಂಬಿದ ಸಭೆಯಲ್ಲಿ ನಡೆದದ್ದು ಇದೇ ಮೊದಲೆಂದು ಎಲ್ಲರೂ ಬಂದು ನನ್ನ ಕೈ ಕುಲುಕಿದರು.

ಅದೇ ದಿನ ಸಂಜೆ ಇರಬೇಕು... ಹೌದು, ಅದೇ ದಿನ. ಪುಟ್ಟ ಹುಡುಗಿಯೊಬ್ಬಳು ಕಪ್ಪೆಯ ಹತ್ತಿರ ಸಹಿ ಹಾಕಿಸಿಕೊಂಡು, ಕಾಗೆಯ ಹತ್ತಿರ ಹಾಕಿಸಿಕೊಂಡು, ನನ್ನ ಮುಂದೆ ಬಂದು ನಿಂತು ಕೇಳಿದಳು: ‘ಅಂಕಲ್, ಆಪ್ ಕೌನ್‌ಸಾ ಜಾನ್ವರ್ ಥೇ?’

ಯಾವ ಪ್ರಾಣಿಯೂ ಆಗಿರಲಿಲ್ಲ ಎಂದು ಒಪ್ಪಿಕೊಳ್ಳಲು ಒಬ್ಬ ಮನುಷ್ಯನಿಗೆ ಅಷ್ಟು ಕಷ್ಟವಾಗಬಹುದೆಂದು ನಾನು ಎಣಿಸಿರಲಿಲ್ಲ. ಅಷ್ಟರಲ್ಲಿ ಕಪ್ಪೆ ಎಡಗಡೆಯಿಂದ ನಡುವೆ ಬಂದ.

‘ಏ ಬೇಟಾ, ಇವ್ರು ಜಾನ್ವರ್ ಅಲ್ಲ. ಸ್ಟೇಷನ್ ಮಾಸ್ತರ್ ಅದಾನಲ್ಲ, ಅಂವ ಇವ್ರ. ಸಲಾಮ್ ಹೊಡಿ.’

ಹುಡುಗಿ ಸಲಾಮ್ ಹೊಡೆದಳು. ಹಿಂದಿದ್ದ ಮಕ್ಕಳೂ ಹೊಡೆದರು. ಸಹಿಯನ್ನು ಸಾಕಷ್ಟು ದೊಡ್ಡದಾಗಿಯೇ ಹಾಕಿಕೊಟ್ಟೆ.

ಮರಳುವಾಗ ಸ್ಟೇಷನ್ನಿನಲ್ಲಿ ಅವನನ್ನು ತರಾಟೆಗೆ ತೆಗೆದುಕೊಂಡೆ. ‘ಎಂತ ಸುಳ್ಳು ಹೇಳುವುದು ನೀನು? ಆ ಮಾಸ್ತರರು ಅಜ್ಜನ ಭಾವ. ಅಜ್ಜನೇ ನನ್ನ ಹತ್ತಿರ ಹೇಳಿದ್ದಾರೆ.’

‘ಅವ್ರ ಭಾವ ಈಗ ಕೇಳಾಕ ಬರ್ತಾನೇನು? ಕುರ್ಚಿ ಖಾಲಿ ಇತ್ತು. ಕೂಡಪಾ ಸುಮ್ನ.’

ಕೂತೆ. ನಂತರದ ವರ್ಷಗಳಲ್ಲಿ ಅವನು ನನ್ನನ್ನು ಹಾಗೆಯೇ ಪರಿಚಯಿಸಿದ. ನಾನು ಪ್ರತಿ ಸಲವೂ ‘ಛೆ ಛೆ, ಅದೆಲ್ಲ ಯಾಕೆ’ ಎಂದೆ. ಅನ್ನುತ್ತಲೇ ಮಾಟುಂಗದ ದರ್ಜಿಯೊಬ್ಬನಿಂದ ಹಸಿರು ಬಾವುಟವೊಂದನ್ನು ಹೊಲಿಸಿಟ್ಟುಕೊಂಡೆ. ಅವನು ವಟಗುಟ್ಟಿದ ಮೇಲೆ ನಾನು ಬಾವುಟ ಬೀಸುತ್ತಿದ್ದೆ. ಮಕ್ಕಳು ನನಗೂ ಚಪ್ಪಾಳೆ ತಟ್ಟುತ್ತಿದ್ದರು. ಇದರಿಂದ ನನ್ನ ಹೊಟ್ಟೆಕಿಚ್ಚು ಆರಿತೆಂದು ಯಾರಾದರೂ ಎಣಿಸಿದರೆ ಅವರಿಗೆ ಹೊಟ್ಟೆಕಿಚ್ಚಿನ ಅನುಭವ ಸಾಲದು. ಮೊದಲು ಅವನ ಹತ್ತಿರ ಕಪ್ಪೆ ಮಾತ್ರ ಇತ್ತು. ಈಗ ನನ್ನ ಮಾಸ್ತರಿಕೆಯೂ ಅವನದೇ. ಬೇಡವೆನಿಸಿದ ದಿನ ಅವನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ನಾನು ಮತ್ತೆ ಮೈಕಿನ ವೈರು. ಅವನು ಒಮ್ಮೆಯೂ ಬಾಯಿ ಮುಚ್ಚಲಿಲ್ಲ. ಅದು ಇನ್ನೂ ಅಸಹನೀಯ.

ಆಮೇಲೆ ಅವನ ಗಂಟಲಿಗೇ ರೋಗ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಸುದ್ದಿ ಕೇಳಿದಾಗ ನನ್ನ ಮನಸ್ಸಿನಲ್ಲಿ ಮೊದಲು ಎದ್ದ ಪ್ರಶ್ನೆ, ಈ ವರ್ಷ ಕಪ್ಪೆ ಯಾರು ಎಂಬುದು. ಕಾರ್ಯದರ್ಶಿಯ ಕರ್ತವ್ಯಪ್ರಜ್ಞೆ ಎಂದು ಅದಕ್ಕೆ ಹೆಸರಿಟ್ಟೆ.

ಕಾಂದಿವಲಿಯ ಅವನ ಮನೆಗೆ ಹೋದಾಗ ಅವನ ಹೆಂಡತಿ ಬಾಗಿಲು ತೆರೆದರು. ‘ಬರ್ರಿ ಅಣ್ಣಾರ. ಮಾತಾಡಾಕ ಬರಂಗಿಲ್ಲ ಖರೆ, ಜಗಳಾಡೂದು ಮಾತ್ರ ಬಿಟ್ಟಿಲ್ಲ ನೋಡ್ರಿ.’

ಹಾಸಿಗೆಯಲ್ಲಿ ದಿಂಬಿಗೊರಗಿ ಕೂತಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ. ನನ್ನನ್ನು ಕಂಡೊಡನೆ ಅವನ ಕೆನ್ನೆ ಉಬ್ಬಿತು. ಸದ್ದು ಬರಲಿಲ್ಲ. ಆಮೇಲೆ ಬೆರಳನ್ನು ನನ್ನತ್ತ ಚಾಚಿ, ಮತ್ತೆ ಕೆನ್ನೆ ತೋರಿಸಿ, ಮತ್ತೆ ನನ್ನತ್ತ ಚಾಚಿದ. ಅರ್ಥವಾಗಲು ನನಗೆ ಹೊತ್ತು ಬೇಕಾಗಲಿಲ್ಲ. ಚಾಪೆಯ ಮುಂದಿನ ತುದಿಯಲ್ಲಿ ಕೈಕಟ್ಟಿ ಕೂತ ದಿನದಿಂದ ಬೇಕೆನಿಸಿದ್ದನ್ನು ಅವನು ಎತ್ತಿ ಕೊಡುತ್ತಿದ್ದ.

‘ನನಗೆ ಬರುವುದಿಲ್ಲ ಮಾರಾಯಾ,’ ಎಂದೆ. ಇದು ಸುಳ್ಳು. ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಾನು ಎಷ್ಟೋ ಸಲ ಅಭ್ಯಾಸ ಮಾಡಿದ್ದೆ.

ಅವನು ಹಾಸಿಗೆಯ ಅಂಚನ್ನು ತಟ್ಟಿದ. ಕೂತೆ. ಬಾಗಿಲತ್ತ ಒಮ್ಮೆ ನೋಡಿ, ಕೆನ್ನೆ ಉಬ್ಬಿಸಿ, ಕಣ್ಣುಮುಚ್ಚಿ, ವಟಗುಟ್ಟಿದೆ.

ಒಳಗಿನಿಂದ ಹೆಂಡತಿ ಓಡಿ ಬಂದರು. ‘ಅಯ್ಯ, ಏನಾತ್ರಿ? ಕುಕ್ಕರ್ ಸೀಟಿ ಹೊಡದಂಗಾತಲ್ಲ!’

ಅವನು ನಗುತ್ತಿದ್ದ. ಸದ್ದಿಲ್ಲದ ನಗು, ಮಂಚ ಅಲುಗುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು. ನಗು ನಿಂತ ಮೇಲೆ ಅಂಗೈಯನ್ನು ನನ್ನ ಹೊಟ್ಟೆಯ ಮೇಲೆ ಇಟ್ಟು ಒತ್ತಿದ: ಗಂಟಲಿನಿಂದಲ್ಲ, ಇಲ್ಲಿಂದ. ಮತ್ತೆ ಮಾಡಿದೆ. ಮತ್ತೆ ಒತ್ತಿದ. ಅವನ ಹೆಂಡತಿ ಬಾಗಿಲಲ್ಲೇ ಕೂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಇಬ್ಬರು ಮುದುಕರು ಒಂದು ಮಧ್ಯಾಹ್ನವಿಡೀ ಹೀಗೆ... ಕೊನೆಗೆ ಅವನು ತಲೆಯನ್ನು ಅಡ್ಡಕ್ಕೆ ಆಡಿಸಿದ. ಕೈಯೆತ್ತಿ ಗಾಳಿಯಲ್ಲಿ ನಿಧಾನವಾಗಿ ಬಾವುಟ ಬೀಸಿ ತೋರಿಸಿ, ನನ್ನ ಹೆಗಲು ತಟ್ಟಿದ. ನೀನು ಅದನ್ನೇ ನೋಡಿಕೋ ಎಂದು. ಸಾಯುವ ಹೊತ್ತಿಗೂ ಅವನ ತೀರ್ಪು ಸರಿಯಾಗಿಯೇ ಇತ್ತು. ಕಾಂದಿವಲಿಯಿಂದ ಮನೆ ಸೇರುವವರೆಗೂ ನಾನು ಅವನನ್ನು ಬೈದುಕೊಂಡೆ.

ಮಳೆ ಶುರುವಾಗುವ ಮೊದಲೇ ಅವನು ತೀರಿಕೊಂಡ. ಕಪ್ಪೆಗಳು ಹಾಗೆ ಮಾಡಬಾರದು.

ಮೊನ್ನೆ ನಾನು ಲೋಕಲ್ ಹತ್ತಿದ್ದು ಅವನಿಲ್ಲದ ಮೊದಲ ಕತೆಯ ದಿನಕ್ಕೆ. ಜೇಷ್ಠಮಧುವಿನ ಹಿರಿಯರು ಮುಂದಕ್ಕೆ ಹೋಗುವವರಿದ್ದರು. ನಾನು ವಡಾಲದಲ್ಲಿ ಇಳಿದೆ. ಹಾಲ್ ತುಂಬಿತ್ತು. ಕತೆಯನ್ನು ಕಾಗೆ ಓದಿದಳು, ಮೂಲಪಠ್ಯದಂತೆ, ಒಂದಕ್ಷರ ತಪ್ಪದೆ. ಮದುವೆ ಇಲ್ಲ, ಮೆಟ್ರೋ ಇಲ್ಲ, ಮೊಬೈಲ್ ಇಲ್ಲ. ಇಷ್ಟು ವರ್ಷ ನಾನು ಬೇಕೆಂದು ಕೇಳಿದ್ದು ಇದನ್ನೇ. ಮಕ್ಕಳು ಅಮ್ಮಂದಿರ ಫೋನು ತೆಗೆದರು. ಕಪ್ಪೆ ಕೂಗುವ ಜಾಗ ಬಂದಾಗ ಕಾಗೆ ಪುಸ್ತಕ ಮಡಚಿ, ತನ್ನ ಮೊಬೈಲನ್ನು ಮೈಕಿಗೆ ಹಿಡಿದಳು. ಯಾವುದೋ ವರ್ಷ ಅವಳು ರೆಕಾರ್ಡ್ ಮಾಡಿಟ್ಟುಕೊಂಡಿದ್ದ ಅವನ ದನಿ. ‘ವಟರ್ರ್.’ ಇಡೀ ಹಾಲ್ ಕುರ್ಚಿ ಹತ್ತಿ ನಿಂತಿತು. ಸತ್ತ ಮೇಲೂ ಅವನಿಗೆ ನನಗಿಂತ ಹೆಚ್ಚು ಚಪ್ಪಾಳೆ. ನನ್ನ ಒಳಗೆ ಹಳೆಯ ಕಿಚ್ಚು ಭಗ್ಗೆಂದಿತು. ಅದು ಇನ್ನೂ ಇದೆಯಲ್ಲ ಎಂದು ಒಂದು ಕ್ಷಣ ಸಮಾಧಾನವೂ ಆಯಿತು.

ಬಾವುಟ ನನ್ನ ಚೀಲದಲ್ಲೇ ಇತ್ತು. ತೆಗೆಯಲು ಕೈ ಹೋಗಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹೊಸ ಹುಡುಗಿಯೊಬ್ಬಳು ಪುಸ್ತಕ ಹಿಡಿದು ಬಂದಳು. ಕಾಗೆಯ ಸಹಿ ಆಗಲೇ ಬಿದ್ದಿತ್ತು. ‘ಅಂಕಲ್, ಆಪ್ ಸ್ಟೋರಿ ಮೇ ಕೌನ್ ಹೈ?’ ಎಂದಳು.

ನಾನು ಎಡಕ್ಕೆ ತಿರುಗಿದೆ.

ಹುಡುಗಿ ಕಾದಳು. ಮಕ್ಕಳಿಗೆ ಇರುವ ತಾಳ್ಮೆ ಎಷ್ಟೋ ಅಷ್ಟನ್ನೂ ಖರ್ಚು ಮಾಡಿದಳು. ಸ್ಟೇಷನ್ ಮಾಸ್ತರ್ ಎಂಬ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅದು ಇನ್ನೊಬ್ಬರು ಹೇಳಬೇಕಾದ ಮಾತು. ತನಗೆ ತಾನೇ ಹೇಳಿಕೊಂಡರೆ ಬರೀ ಸುಳ್ಳು.

‘ನಾನು ಸೆಕ್ರೆಟರಿ,’ ಎಂದೆ.

‘ಓಕೆ,’ ಎಂದು ಪುಸ್ತಕ ಮುಚ್ಚಿಕೊಂಡು ಹೋದಳು.

ಅವಳು ಹೋದ ಮೇಲೂ ನಾನು ಎಡಕ್ಕೆ ತಿರುಗಿಯೇ ನಿಂತಿದ್ದೆ. ಆ ಸುಳ್ಳು ಹೇಳಲು ಅವನು ಬರುತ್ತಿದ್ದದ್ದು ಯಾವಾಗಲೂ ಆ ಕಡೆಯಿಂದಲೇ...